ಕಚೇರಿ ನವೀಕರಣ: ಜನರ ನೆಮ್ಮದಿಗಾಗಿ ಮೊದಲು ಯಾವುದಕ್ಕೆ ಕೈ ಹಾಕಬೇಕು?

ನಡುಸಾಲಿನವರು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಮಾರು ಅರವತ್ತು ಜನ ಕೆಲಸ ಮಾಡುವ ಕಚೇರಿಯೊಂದರ ಆಡಳಿತ ವಿಭಾಗದಲ್ಲಿ ನಾನಿದ್ದೇನೆ. ನಮ್ಮ ಮಹಡಿಯನ್ನು ನವೀಕರಿಸುವ ಹೊಣೆ ಈಗ ನನ್ನ ಹೆಗಲಿಗೆ ಬಿದ್ದಿದೆ. ಇಡೀ ಮಹಡಿ ಒಂದೇ ತೆರೆದ ಹಜಾರವಾಗಿದ್ದು, ಕಿಟಕಿಗಳ ಸಾಲನ್ನೆಲ್ಲ ಎರಡು ಕ್ಯಾಬಿನ್‌ಗಳು ಮತ್ತು ಮೂರು ಮೀಟಿಂಗ್ ರೂಮುಗಳು ಹಿಡಿದುಕೊಂಡಿವೆ. ನಡುವಿನ ಸಾಲುಗಳಲ್ಲಿ ಕೂರುವವರಿಗೆ ಹೊರಗೆ ಮಳೆ ಬಂದದ್ದು ಗೊತ್ತಾಗುವುದು ಯಾರಾದರೂ ಒದ್ದೆ ಕೊಡೆ ಹಿಡಿದು ಒಳಗೆ ಬಂದಾಗಲೇ.

ನೌಕರರ ನೆಮ್ಮದಿಗೆ ಆದ್ಯತೆ ಇರಬೇಕು ಎಂದು ಆಡಳಿತ ಮಂಡಳಿ ಹೇಳಿದೆ. ಒಳಾಂಗಣ ವಿನ್ಯಾಸಕರು ತಂದ ನಕ್ಷೆಯಲ್ಲಿ ಒಂದು ಗೋಡೆ ತುಂಬ ಗಿಡಗಳು, ಬೀನ್ ಬ್ಯಾಗ್‌ಗಳಿರುವ ವಿಶ್ರಾಂತಿ ಮೂಲೆ, ಟೇಬಲ್ ಟೆನಿಸ್ ಮೇಜು ಮತ್ತು ಬಣ್ಣದ ಕುರ್ಚಿಗಳಿವೆ. ನೋಡಲು ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಒಪ್ಪಿಗೆ ಕೊಡುವ ಮೊದಲು, ಹೆಸರು ಬರೆಯದೆ ಚೀಟಿ ಹಾಕಿರೆಂದು ನಾನು ಒಂದು ಡಬ್ಬಿ ಇಟ್ಟಿದ್ದೆ. ಅದರಲ್ಲಿ ಬಂದ ಮಾತುಗಳಿಗೂ ಆ ನಕ್ಷೆಗೂ ಸಂಬಂಧವೇ ಇಲ್ಲ. ಪಕ್ಕದವರ ಫೋನ್ ಮಾತಿನಿಂದ ಕೆಲಸ ಸಾಗುವುದಿಲ್ಲ ಎಂದು ಹಲವರು ಬರೆದಿದ್ದಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಭಾರವಾಗುತ್ತದೆ ಎಂಬುದು ಇನ್ನೊಂದು ದೊಡ್ಡ ದೂರು. ಒಬ್ಬರಿಗೆ ಚಳಿಯಾದರೆ ಅದೇ ಸಾಲಿನ ಇನ್ನೊಬ್ಬರಿಗೆ ಸೆಕೆ. ಒಂದು ಚೀಟಿಯಲ್ಲಂತೂ ‘ಅಳು ಬಂದರೆ ಹೋಗಲು ಶೌಚಾಲಯ ಬಿಟ್ಟು ಬೇರೆ ಜಾಗವಿಲ್ಲ’ ಎಂಬ ಒಂದೇ ಸಾಲಿತ್ತು.

ಹಣ ಮಿತವಾಗಿದೆ, ಎಲ್ಲವನ್ನೂ ಮಾಡಲಾಗದು. ಈ ಕೆಲಸ ಬಲ್ಲವರು ಮೊದಲು ಯಾವುದನ್ನು ಸರಿಪಡಿಸುತ್ತೀರಿ, ಏಕೆ ಎಂಬುದನ್ನು ದಯವಿಟ್ಟು ತಿಳಿಸಿ.

ಸದ್ದುಗಾರ

ನಾನು ಕಟ್ಟಡಗಳ ಧ್ವನಿ ವಿನ್ಯಾಸದ ಕೆಲಸ ಮಾಡುವವನು, ಹಾಗಾಗಿ ನನ್ನ ಉತ್ತರ ಸದ್ದಿನ ಕಡೆಗೇ ವಾಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ತೆರೆದ ಹಜಾರದಲ್ಲಿ ಜನರನ್ನು ಕಾಡುವುದು ಸದ್ದಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಅರ್ಥ. ಏಸಿಯ ಗುಂಯ್‌ಗುಡುವಿಕೆಗೆ ಕಿವಿ ಹತ್ತು ನಿಮಿಷದಲ್ಲಿ ಒಗ್ಗಿಕೊಳ್ಳುತ್ತದೆ. ಆದರೆ ಪಕ್ಕದ ಮೇಜಿನವರು ಫೋನಿನಲ್ಲಿ ಬ್ಯಾಂಕಿನವರೊಡನೆ ನಡೆಸುವ ಜಗಳ ಪದಪದವಾಗಿ ತಿಳಿಯುವಂತಿದ್ದರೆ, ಬೇಡವೆಂದರೂ ಮನಸ್ಸು ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದಲೇ ತೆರೆದ ಕಚೇರಿಗಳ ಧ್ವನಿ ಮಾಪನಕ್ಕಾಗಿ 2012ರಲ್ಲಿ ಬಂದ ಐಎಸ್‌ಒ 3382-3 ಎಂಬ ಅಂತರರಾಷ್ಟ್ರೀಯ ಮಾನದಂಡವು ‘ಎಷ್ಟು ಡೆಸಿಬಲ್’ ಎಂಬಲ್ಲಿಗೆ ನಿಲ್ಲದೆ, ಮಾತನಾಡುವವರಿಂದ ಎಷ್ಟು ದೂರ ಹೋದರೆ ಮಾತಿನ ಸ್ಪಷ್ಟತೆ ಒಂದು ಮಟ್ಟಕ್ಕಿಂತ ಕೆಳಗಿಳಿಯುತ್ತದೆ ಎಂಬುದನ್ನೂ ಅಳೆಯುತ್ತದೆ. ಸಹಜ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಇರುತ್ತದೆ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಮೇಲೆ ಬರಿಯ ಕಾಂಕ್ರೀಟ್, ಸುತ್ತ ಗಾಜು, ಕೆಳಗೆ ಟೈಲ್ಸ್ ಇರುವ ಹಜಾರದಲ್ಲಿ ಅಷ್ಟು ಇಳಿಯುವುದಿಲ್ಲ, ಏಕೆಂದರೆ ಹೋದ ಮಾತು ಮತ್ತೆ ಮತ್ತೆ ತಿರುಗಿ ಬರುತ್ತದೆ.

ಇದಕ್ಕೆ ಮದ್ದು ಹಳೆಯದೇ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಕೊಠಡಿಯಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೈನ್ ಎಂಬ ತರುಣ ಭೌತಶಾಸ್ತ್ರಜ್ಞರ ಪಾಲಿಗೆ ಬಂತು. ಅವರು ರಾತ್ರಿಯ ಹೊತ್ತು ಸಮೀಪದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಆರ್ಗನ್ ಕೊಳವೆಯನ್ನು ಊದಿಸಿ ನಿಲ್ಲಿಸಿ, ಸದ್ದು ಅಡಗಲು ಎಷ್ಟು ಸೆಕೆಂಡು ಬೇಕಾಯಿತೆಂದು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಅನುರಣನ, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಮೊಳಗು, ಕಡಿಮೆ. ನಾವು ಇಂದಿಗೂ ಲೆಕ್ಕ ಹಾಕುವುದು ಅವರ ಸೂತ್ರದಿಂದಲೇ. ನಿಮ್ಮ ಹಣದ ಮೊದಲ ಪಾಲು ಸದ್ದು ಹೀರುವ ಸೀಲಿಂಗ್ ಹಲಗೆಗಳಿಗೆ ಹೋಗಲಿ. ಎರಡನೆಯದಾಗಿ, ದಿನವಿಡೀ ಫೋನಿನಲ್ಲಿರುವ ತಂಡವನ್ನೂ ದಿನವಿಡೀ ಓದಿ ಬರೆಯುವ ತಂಡವನ್ನೂ ಅಕ್ಕಪಕ್ಕ ಕೂರಿಸಬೇಡಿ. ಇದಕ್ಕೆ ಖರ್ಚೇ ಇಲ್ಲ, ಆದರೂ ಇದನ್ನು ಮಾಡುವವರು ಕಡಿಮೆ.

ಗೋಡೆ ಒಡೆದರೆ ಜನ ಹೆಚ್ಚು ಬೆರೆಯುತ್ತಾರೆ ಎಂಬ ವಾದ ನಿಮ್ಮಲ್ಲಿಯೂ ಬಂದೀತು. ಬರ್ನ್‌ಸ್ಟೀನ್ ಮತ್ತು ಟರ್ಬನ್ ಎಂಬ ಸಂಶೋಧಕರು ತೆರೆದ ವಿನ್ಯಾಸಕ್ಕೆ ಬದಲಾದ ಎರಡು ಕಂಪನಿಗಳ ನೌಕರರಿಗೆ ಸಂವೇದಕಗಳನ್ನು ತೊಡಿಸಿ ನೋಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ತದ್ವಿರುದ್ಧ: ಮುಖಾಮುಖಿ ಮಾತುಕತೆ ಸುಮಾರು ಶೇಕಡಾ 70ರಷ್ಟು ಇಳಿಯಿತು, ಇಮೇಲ್ ಏರಿತು. ಇನ್ನೊಂದು ಮಾತು. 1950ರ ದಶಕದ ಕೊನೆಯಲ್ಲಿ ಜರ್ಮನಿಯ ಶ್ನೆಲ್ ಸಹೋದರರು ಗೋಡೆಯಿಲ್ಲದ ಕಚೇರಿಯನ್ನು ರೂಪಿಸಿದಾಗ ಅದರಲ್ಲಿ ಅಡ್ಡ ಪರದೆಗಳು, ಗಿಡಗಳು, ವಿರಾಮದ ಜಾಗ ಎಲ್ಲವೂ ಇದ್ದವು. ಆಮೇಲೆ ಬಂದವರು ಗೋಡೆ ಇಲ್ಲದಿರುವುದನ್ನಷ್ಟೇ ಉಳಿಸಿಕೊಂಡರು, ಅದು ಅಗ್ಗವಾದ್ದರಿಂದ.

ತಿದಿ

ಸದ್ದುಗಾರರ ಮಾತು ಸರಿ. ಆದರೆ ಮೂರು ಗಂಟೆಯ ತಲೆಭಾರವನ್ನು ಸೀಲಿಂಗ್ ಸರಿಪಡಿಸುವುದಿಲ್ಲ. ಇಪ್ಪತ್ತು ವರ್ಷದಿಂದ ಏಸಿ ಮತ್ತು ಗಾಳಿ ವ್ಯವಸ್ಥೆಯ ಎಂಜಿನಿಯರ್ ಆಗಿರುವ ನಾನು ಇಂಥ ದೂರು ಕಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ: ಹೊರಗಿನ ಗಾಳಿ ಒಳಗೆ ಬರುತ್ತಿದೆಯೇ? ಗೋಡೆಯ ಮೇಲಿನ ಸ್ಪ್ಲಿಟ್ ಏಸಿ ಕೋಣೆಯೊಳಗಿನ ಅದೇ ಗಾಳಿಯನ್ನು ಎಳೆದು ತಂಪು ಮಾಡಿ ಮತ್ತೆ ಬಿಡುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ತಂಪಾಗಿದೆ ಎಂದರೆ ತಾಜಾ ಇದೆ ಎಂದು ಅರ್ಥವಲ್ಲ.

ಲೆಕ್ಕ ಸುಲಭ. ಕುಳಿತು ಕೆಲಸ ಮಾಡುವ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾರೆ. 40 ಘನ ಮೀಟರ್ ಗಾಳಿ ಹಿಡಿಯುವ ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಎಂಟು ಜನ ಕುಳಿತರೆ ಗಂಟೆಗೆ 144 ಲೀಟರ್. ಗಾಳಿ ಒಂದಿಷ್ಟೂ ಬದಲಾಗದಿದ್ದರೆ ಒಂದು ಗಂಟೆಯಲ್ಲಿ 3,600 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಏರಿಕೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಅದರ ಬದಲು ಪ್ರತಿಯೊಬ್ಬರಿಗೂ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಕೊಟ್ಟರೆ ಮಟ್ಟ 900ರ ಸುತ್ತಮುತ್ತ ನಿಲ್ಲುತ್ತದೆ. 1,000 ಪಿಪಿಎಂ ದಾಟಬಾರದೆಂದು ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿಯೇ ಹೇಳಿದ್ದರು. ಈ ಮಟ್ಟದಲ್ಲಿ ಆ ಅನಿಲ ವಿಷವೇನಲ್ಲ. ಜನರ ಮೈಯಿಂದ, ಬಣ್ಣದಿಂದ, ಹೊಸ ಪೀಠೋಪಕರಣಗಳಿಂದ ಬರುವ ಉಳಿದದ್ದೆಲ್ಲ ಎಷ್ಟು ಕೂಡಿಕೊಂಡಿರಬಹುದು ಎಂಬುದಕ್ಕೆ ಅದು ಸೂಚಕ ಎಂದು ಅವರೂ ತಿಳಿದಿದ್ದರು. ನೀವು ಬೇರೇನೂ ಕೊಳ್ಳುವ ಮೊದಲು ಒಂದು ಸಣ್ಣ ಮಾಪಕ ತಂದು ಒಂದು ವಾರ ಮೇಜಿನ ಮೇಲಿಡಿ. ಉಸಿರು ತಾಗುವಷ್ಟು ಹತ್ತಿರ ಮಾತ್ರ ಬೇಡ.

ಚಳಿ–ಸೆಕೆಯ ಜಗಳಕ್ಕೆ ಒಂದು ಹಿನ್ನೆಲೆ ಇದೆ. ಕಟ್ಟಡಗಳ ಉಷ್ಣತೆಯ ಮಾನದಂಡಗಳು ಬಹುಮಟ್ಟಿಗೆ ಫ್ಯಾಂಗರ್ ಎಂಬ ಡ್ಯಾನಿಶ್ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಮಾದರಿಯನ್ನು ಆಧರಿಸಿವೆ. ಅದರಲ್ಲಿ ಬಳಸುವ ದೇಹದ ಶಾಖೋತ್ಪತ್ತಿಯ ಅಂಕಿ 40 ವರ್ಷದ, 70 ಕಿಲೋ ತೂಕದ ಗಂಡಸಿನದು ಎಂದೂ, ಹೆಂಗಸರ ನಿಜವಾದ ಶಾಖೋತ್ಪತ್ತಿಗಿಂತ ಆ ಅಂಕಿ ಶೇಕಡಾ 35ರವರೆಗೂ ಹೆಚ್ಚಾಗಿರಬಹುದೆಂದೂ 2015ರಲ್ಲಿ ಇಬ್ಬರು ಡಚ್ ಸಂಶೋಧಕರು ತೋರಿಸಿದರು. ಒಂದೇ ಸಾಲಿನಲ್ಲಿ ಒಬ್ಬರು ಶಾಲು ಹೊದ್ದು ಇನ್ನೊಬ್ಬರು ಬೆವರು ಒರೆಸುವುದು ಯಾರ ನಾಟಕವೂ ಅಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೆ ಒಂದು ಕಚೇರಿಯಲ್ಲಿ ಥರ್ಮೋಸ್ಟಾಟ್ ಅನ್ನು ಎಲ್ಲರೂ ತಿರುಗಿಸುತ್ತಾರೆಂದು ಪಾರದರ್ಶಕ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿಸಿದೆ. ತಾಪಮಾನ ಮೊದಲಿಗಿಂತ ಸ್ಥಿರವಾಯಿತು, ದೂರುಗಳು ಮೊದಲಿಗಿಂತ ಹೆಚ್ಚಿದವು. ಕೊನೆಗೆ ಬೀಗ ತೆಗೆಸಿ, ಎರಡು ಡಿಗ್ರಿಯಷ್ಟೇ ಆಚೀಚೆ ಹೋಗುವಂತೆ ಹೊಂದಿಸಿ, ಮೇಜಿಗೊಂದು ಪುಟ್ಟ ಫ್ಯಾನ್ ಕೊಡಿಸಿದ ಮೇಲೆ ಗಲಾಟೆ ಅಡಗಿತು.

ಮೂರನೇ ಕುರ್ಚಿ

ತಿದಿಯವರು ಹೇಳಿದ ಬೀಗದ ಪ್ರಸಂಗವನ್ನು ಅಲ್ಲಿಗೇ ಬಿಡಬಾರದು, ಏಕೆಂದರೆ ಇಡೀ ಪ್ರಶ್ನೆಯ ತಿರುಳು ಅಲ್ಲಿದೆ. ಗ್ಲಾಸ್ ಮತ್ತು ಸಿಂಗರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1970ರ ಸುಮಾರಿಗೆ ಜನರನ್ನು ಕರ್ಕಶ ಸದ್ದಿನ ನಡುವೆ ಕೂರಿಸಿ ಕೆಲಸ ಕೊಟ್ಟರು. ಕೆಲವರಿಗೆ, ಬೇಕೆನಿಸಿದರೆ ಸದ್ದು ನಿಲ್ಲಿಸಬಹುದಾದ ಒಂದು ಗುಂಡಿಯನ್ನೂ ಕೊಟ್ಟಿದ್ದರು. ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಆದರೂ ಗುಂಡಿ ಇದ್ದವರು ಮುಂದಿನ ಕೆಲಸಗಳಲ್ಲಿ ಗುಂಡಿ ಇಲ್ಲದವರಿಗಿಂತ ಹೆಚ್ಚು ಹೊತ್ತು ಪಟ್ಟು ಹಿಡಿದು ಕುಳಿತರು, ತಪ್ಪೂ ಕಡಿಮೆ ಮಾಡಿದರು. ಹೀಗಾಗಿ ನಿಮ್ಮ ನಕ್ಷೆಯ ಪ್ರತಿಯೊಂದು ವಸ್ತುವಿನ ಬಗ್ಗೆಯೂ ‘ಅಲ್ಲಿ ಕೂರುವವರು ಇದನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದೇ?’ ಎಂದು ಕೇಳಿ ನೋಡಿ. ಗಿಡದ ಗೋಡೆಯನ್ನು ಬದಲಿಸಲಾಗದು. ಮೇಜಿನ ದೀಪ, ಕಿಟಕಿಯ ಪರದೆ, ಕುರ್ಚಿಯ ಎತ್ತರ, ಎದ್ದು ಬೇರೆಡೆ ಹೋಗಿ ಕೂರುವ ಅನುಮತಿ, ಇವೆಲ್ಲ ಕೈಗೆ ಸಿಗುವಂಥವು.

ನಾನು ಎರಡೂ ಕಿವಿಗೆ ಶ್ರವಣಯಂತ್ರ ಹಾಕುವವಳು. ಸುತ್ತ ಗಾಜಿರುವ ಮೀಟಿಂಗ್ ರೂಮು ನನ್ನಂಥವರಿಗೆ ಹೇಗಿರುತ್ತದೆ ಎಂದರೆ, ಎಲ್ಲರ ದನಿಯೂ ಒಂದರ ಮೇಲೊಂದು ಬಿದ್ದು ಬರುತ್ತದೆ, ಮಾತನಾಡುವವರು ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದರೆ ಮುಖ ಕಪ್ಪಾಗಿ ತುಟಿಯೂ ಕಾಣುವುದಿಲ್ಲ. ಮೇಜನ್ನು ಒಂದಿಷ್ಟು ತಿರುಗಿಸಿದರೆ ಸಾಕು, ನನ್ನ ಅರ್ಧ ಆಯಾಸ ಹೋಗುತ್ತದೆ. ಹಿಂದೆ ಕೆಲಸ ಮಾಡಿದ ಒಂದೆಡೆ ನಾನು ಪ್ರತಿ ಸಭೆಗೂ ಹತ್ತು ನಿಮಿಷ ಮೊದಲೇ ಹೋಗಿ ಬಾಗಿಲಿನಿಂದ ಮೂರನೇ ಕುರ್ಚಿ ಹಿಡಿಯುತ್ತಿದ್ದೆ. ಅದೊಂದರಿಂದ ಮಾತ್ರ ಎಲ್ಲರ ಮುಖದ ಮೇಲೂ ಬೆಳಕು ಬಿದ್ದಿರುವುದು ಕಾಣುತ್ತಿತ್ತು. ಬೀನ್ ಬ್ಯಾಗ್‌ನಲ್ಲಿ ಕುಳಿತ ಮಂಡಿನೋವಿನವರಿಗೆ ಏಳಲು ಇಬ್ಬರ ಕೈ ಬೇಕು. ಗಾಲಿಕುರ್ಚಿ ಸುತ್ತು ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಟೇಬಲ್ ಟೆನಿಸ್ ಮೇಜು ನುಂಗುವುದು ಇಂಥ ಜಾಗವನ್ನೇ.

ಕೊನೆಯದಾಗಿ ಆ ಅಳುವಿನ ಚೀಟಿ. ಒಂದು ಸಣ್ಣ ಕೋಣೆ ಮಾಡಿ: ಗಾಜಿಲ್ಲದ ಬಾಗಿಲು, ಒಳಗಿನಿಂದ ಚಿಲಕ, ಕೈಯಳತೆಯಲ್ಲಿ ದೀಪದ ಸ್ವಿಚ್, ಒರಗುವ ಒಂದು ಕುರ್ಚಿ. ಮೊದಲೇ ಹೆಸರು ಕೊಟ್ಟು ಕಾದಿರಿಸುವ ಪದ್ಧತಿ ಮಾತ್ರ ಬೇಡವೇ ಬೇಡ. ತಲೆನೋವು ಬಂದವರು, ಪ್ರಾರ್ಥನೆ ಮಾಡುವವರು, ಎದೆಹಾಲು ಹಿಂಡಿಕೊಳ್ಳಬೇಕಾದ ತಾಯಂದಿರು, ಕೆಟ್ಟ ಸುದ್ದಿಯ ಫೋನ್ ಬಂದವರು, ಯಾರಿಗೂ ಕಾರಣ ಹೇಳುವ ಪ್ರಮೇಯ ಬರಬಾರದು. ವಿಶ್ರಾಂತಿ ಮೂಲೆಯನ್ನು ಮೇಲಧಿಕಾರಿಯ ಗಾಜಿನ ಕ್ಯಾಬಿನ್‌ಗೆ ಎದುರಾಗಿ ಇಟ್ಟರೆ ಅಲ್ಲಿ ಯಾರೂ ಕೂರುವುದಿಲ್ಲ ಎಂಬುದನ್ನು ನಾನು ಬರೆದೇ ಕೊಡುತ್ತೇನೆ.

ಕಟು

ಎರಡೇ ಮಾತು. ಒಂದು, ಬೆಳಕನ್ನು ಯಾರೂ ಮುಟ್ಟಿಲ್ಲ. ಕಚೇರಿ ಮೇಜಿನ ಮೇಲೆ 500 ಲಕ್ಸ್ (ಬೆಳಕಿನ ಅಳತೆ) ಇದ್ದರೆ ಮಾನದಂಡಕ್ಕೆ ಸಾಕು. ಮೋಡ ಕವಿದ ಹಗಲಿನಲ್ಲಿಯೂ ಹೊರಗೆ 10,000 ಲಕ್ಸ್‌ನಷ್ಟು ಇರಬಹುದು. ಮೈಯ ಗಡಿಯಾರ ನಂಬುವುದು ಈ ಎರಡನೆಯದನ್ನು. ಮೀಟಿಂಗ್ ರೂಮಿನಲ್ಲಿ ಯಾರೂ ದಿನವಿಡೀ ಕೂರುವುದಿಲ್ಲವಾದ್ದರಿಂದ ಅವನ್ನು ಹಜಾರದ ನಡುವಿಗೆ ತಂದು, ಕಿಟಕಿಯನ್ನು ಎಂಟು ಗಂಟೆ ಕೂರುವವರಿಗೆ ಕೊಡಿ. ಮರ ಕಾಣುವ ಕಿಟಕಿ ಸಿಕ್ಕ ಶಸ್ತ್ರಚಿಕಿತ್ಸೆಯ ರೋಗಿಗಳು ಇಟ್ಟಿಗೆ ಗೋಡೆ ಕಾಣುವವರಿಗಿಂತ ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡರು ಎಂಬ ರೋಜರ್ ಉಲ್ರಿಚ್ ಅವರ 1984ರ ಅಧ್ಯಯನವನ್ನು ನಿಮ್ಮ ವಿನ್ಯಾಸಕರು ಗಿಡದ ಗೋಡೆ ಮಾರಲು ಉದಾಹರಿಸಬಹುದು. ಅದು ಆಸ್ಪತ್ರೆಯ 46 ರೋಗಿಗಳ ದಾಖಲೆಗಳನ್ನು ನೋಡಿದ್ದು, ಕಚೇರಿಯ ಒಳಗೋಡೆಯನ್ನಲ್ಲ.

ಎರಡು, ಇದು ಕಹಿ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವುದರಿಂದ 2016ರಲ್ಲಿ 7,45,000 ಜನ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿದವು. ನಿಮ್ಮಲ್ಲಿ ಜನ ರಾತ್ರಿ ಒಂಬತ್ತಕ್ಕೆ ಮನೆಗೆ ಹೋಗುತ್ತಿದ್ದರೆ ಯಾವ ಸೀಲಿಂಗ್ ಹಾಕಿಸಿಯೂ ಪ್ರಯೋಜನವಿಲ್ಲ.

ನಡುಸಾಲಿನವರು, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಧನ್ಯವಾದ. ತಿದಿಯವರ ಮಾತಿನಂತೆ ಮಾಪಕ ತಂದೆ. ಹಜಾರದಲ್ಲಿ ಬೆಳಗ್ಗೆ ಹನ್ನೊಂದಕ್ಕೆ 900 ಇದ್ದದ್ದು ಮೂರೂವರೆಗೆ 1,500. ಏಳು ಜನರಿದ್ದ ಮೀಟಿಂಗ್ ರೂಮಿನಲ್ಲಿ ನಲವತ್ತು ನಿಮಿಷದಲ್ಲಿ 640ರಿಂದ 2,100ಕ್ಕೆ ಏರಿತು. ಮೆಕ್ಯಾನಿಕ್ ಸೀಲಿಂಗ್ ಬಿಚ್ಚಿ ನೋಡಿದಾಗ ಹೊರಗಾಳಿ ಬರುವ ಡ್ಯಾಂಪರ್ (ಗಾಳಿ ಕೊಳವೆಯ ಮುಚ್ಚಳ) ಪೂರ್ತಿ ಮುಚ್ಚಿತ್ತು; ವಿದ್ಯುತ್ ಉಳಿಸಲು ಯಾರೋ ಎಂದೋ ಮುಚ್ಚಿ, ತಂತಿ ಸುತ್ತಿ, ಮರೆತಿದ್ದರು. ತಂತಿಗೆ ತುಕ್ಕು ಹಿಡಿದಿತ್ತು. ಈಗ ತೆರೆದಿದೆ, ಮೂರೂವರೆಯ ಅಂಕಿ ಸಾವಿರದೊಳಗೆ ಇದೆ.

ಟೇಬಲ್ ಟೆನಿಸ್ ಮೇಜು ಮತ್ತು ಗಿಡದ ಗೋಡೆಯನ್ನು ಕೈಬಿಟ್ಟು ಆ ಹಣವನ್ನು ಸೀಲಿಂಗ್‌ಗೆ ತಿರುಗಿಸಲು ಮಂಡಳಿ ಒಪ್ಪಿದೆ. ಮೀಟಿಂಗ್ ರೂಮುಗಳು ನಡುವಿಗೆ ಬರುತ್ತವೆ. ಎರಡು ಕ್ಯಾಬಿನ್‌ಗಳಲ್ಲಿ ಒಂದರವರು ಕಿಟಕಿ ಬಿಟ್ಟುಕೊಡಲು ಒಪ್ಪಿದ್ದಾರೆ, ಇನ್ನೊಬ್ಬರು ಒಪ್ಪಿಲ್ಲ. ಕೆಲಸದ ಗಂಟೆಗಳ ಮಾತು ನನ್ನ ಕೈಯಲ್ಲಿಲ್ಲವಾದರೂ ಕಟು ಅವರ ಎರಡನೇ ಮಾತನ್ನು ವರದಿಯಲ್ಲಿ ಸೇರಿಸಿದ್ದೇನೆ. ಸಣ್ಣ ಕೋಣೆಯ ಬಗ್ಗೆ ಒಂದು ಸಂದೇಹ: ಒಳಗೆ ಯಾರಾದರೂ ತಲೆಸುತ್ತಿ ಬಿದ್ದರೆ ಚಿಲಕದ ಗತಿ ಏನು ಎಂದು ಭದ್ರತಾ ವಿಭಾಗದವರು ಕೇಳುತ್ತಿದ್ದಾರೆ.

ಮೂರನೇ ಕುರ್ಚಿ

ಶೌಚಾಲಯಗಳಿಗೆ ಹಾಕುವ, ಕೆಂಪು–ಹಸಿರು ಗುರುತು ಕಾಣುವ ಚಿಲಕವನ್ನೇ ಹಾಕಿಸಿ. ಹೊರಗಿನಿಂದ ನಾಣ್ಯದ ಅಂಚಿನಿಂದ ತಿರುಗಿಸಿ ತೆರೆಯಬಹುದು. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಒಳಗೆ ಬಿದ್ದವರು ಅಡ್ಡವಾದರೂ ತೊಂದರೆಯಾಗದು. ಒಳಗೆ ಎಷ್ಟು ಹೊತ್ತು ಇದ್ದರೆಂದು ಬರೆದಿಡುವ ಪುಸ್ತಕ ಮಾತ್ರ ಇಡಬೇಡಿರೆಂದು ಭದ್ರತಾ ವಿಭಾಗದವರಿಗೆ ಈಗಲೇ ಹೇಳಿಬಿಡಿ.