ಪದ್ಮಿನಿಯ ತಳದ ಹಳೆಯ ಅಂಡರ್‌ಕೋಟಿಂಗ್ ತೆಗೆಯುವುದು ಹೇಗೆ?

ಪ್ರಶ್ನೆ: ಕುಂದಾಪುರದಿಂದ

ಎಲ್ಲರಿಗೂ ನಮಸ್ಕಾರ. ತಂದೆಯವರ 1984ರ ಪ್ರೀಮಿಯರ್ ಪದ್ಮಿನಿ ಕಾರನ್ನು ಮತ್ತೆ ರಸ್ತೆಗಿಳಿಸುವ ಕೆಲಸ ಕೈಗೆತ್ತಿಕೊಂಡಿದ್ದೇನೆ. ಎಂಜಿನ್ ಇಳಿಸಿಯಾಗಿದೆ, ತೊಡಕಿರುವುದು ತಳದಲ್ಲಿ. ಪದರದ ಮೇಲೆ ಪದರ ಬಳಿದ ಡಾಂಬರಿನಂಥ ಲೇಪ ಕೆಲವೆಡೆ ಬಹಳ ದಪ್ಪವಾಗಿದೆ. ಗ್ರೈಂಡರಿಗೆ ವೈರ್ ಕಪ್ (ಬಟ್ಟಲಿನಾಕಾರದ ತಂತಿ ಬ್ರಷ್) ಹಾಕಿ ಉಜ್ಜಿದರೆ ಕರಗಿ ತಗಡಿಗೆಲ್ಲ ಮೆತ್ತಿಕೊಳ್ಳುತ್ತದೆ. ಹಿಂದಿನ ಚಕ್ರಗಳ ಕಮಾನಿನೊಳಗೆ ಮಾತ್ರ ಅದೇ ಲೇಪ ಹಪ್ಪಳದಂತೆ ಉಬ್ಬಿ ನಿಂತಿದೆ. ಗ್ಯಾಸ್ ಬರ್ನರ್‌ನಿಂದ ಸುಡಬಹುದೇ? ಅಥವಾ ನೇರವಾಗಿ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಿಂದ ಮರಳು ಎರಚಿ ಕೆರೆಯುವುದು) ಮಾಡಿಸಲೇ?

ಉತ್ತರ: ಮೈಸೂರಿನಿಂದ

ಸರ್, ಬರ್ನರ್ ಖಂಡಿತ ಬೇಡ. ತಗಡಿನ ಆಚೆ ಬದಿಯಲ್ಲಿ ಫೆಲ್ಟ್ ಇದೆ, ವೈರಿಂಗ್ ಇದೆ, ಲೇಪವೂ ಹೊತ್ತಿಕೊಳ್ಳುವಂಥದ್ದೇ. ಮೊದಲು ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಪೈಪುಗಳನ್ನು ಬಿಚ್ಚಿ ಕಾರಿನಿಂದ ದೂರ ಇಡಿ. ಕಾರು ಬರೀ ಜಾಕ್ ಮೇಲೆ ನಿಂತಿರುವಾಗ ದಯವಿಟ್ಟು ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಿ.

ಈ ಲೇಪ ಬಿಸಿಗೆ ಮೆತ್ತಗಾಗುತ್ತದೆ, ಇನ್ನೂ ಬಿಸಿಯಾದರೆ ಜಿಗುಟಾಗುತ್ತದೆ. ವೈರ್ ಕಪ್‌ನ ತಿಕ್ಕಾಟದಿಂದ ಆಗುತ್ತಿರುವುದು ಈ ಎರಡನೆಯದು. ಹೀಟ್ ಗನ್ ಅನ್ನು ಕಡಿಮೆ ಶಾಖದಲ್ಲಿಟ್ಟು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಮಂಕು ಕಪ್ಪಿದ್ದ ಮೇಲ್ಮೈಗೆ ಸಣ್ಣ ಹೊಳಪು ಬಂದ ಕ್ಷಣ ಪುಟ್ಟಿ ಬ್ಲೇಡನ್ನು ಓರೆಯಾಗಿ ತೂರಿಸಿ ತಳ್ಳಿ. ಶಾಖ ಸರಿಯಿದ್ದರೆ ಪಟ್ಟಿಪಟ್ಟಿಯಾಗಿ ಏಳುತ್ತದೆ. ಬ್ಲೇಡಿಗೆ ಅಂಟಿ ಎಳೆ ಎಳೆಯಾದರೆ ಬಿಸಿ ಹೆಚ್ಚಾಗಿದೆ, ಪುಡಿಪುಡಿಯಾದರೆ ಸಾಲದು. ಹೊಗೆ ಕಂಡರೆ ತಕ್ಷಣ ಗನ್ ಸರಿಸಿ. ಒಂದು ಅಂಗೈ ಅಗಲದ ಜಾಗ ಮುಗಿಸಿ ಮುಂದಿನದಕ್ಕೆ ಹೋಗಿ, ಅವಸರ ಸಲ್ಲದು.

ಉಳಿದ ಕಪ್ಪು ಕಲೆಗೆ ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಅಂಟಿಸಿಟ್ಟು ಒರೆಸಿ. ಪೆಟ್ರೋಲ್ ಬಳಸಬೇಡಿ. ಟರ್ಪೆಂಟೈನ್ ತಾಗಿದ ಜಾಗಕ್ಕೆ ಮತ್ತೆ ಹೀಟ್ ಗನ್ ಹಿಡಿಯಲೇಬಾರದು.

ಇನ್ನೊಂದು ಮಾತು. ಹಳೆಯ ಅಂಡರ್‌ಕೋಟಿಂಗ್‌ಗಳಲ್ಲಿ ಕೆಲವಕ್ಕೆ ಕಲ್ನಾರು (ಆಸ್ಬೆಸ್ಟಾಸ್) ಬೆರೆಸುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ನಿಮ್ಮದರಲ್ಲಿ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಒಣಗಿದ್ದನ್ನು ಗ್ರೈಂಡರ್‌ನಲ್ಲಿ ಉಜ್ಜಿ ಧೂಳೆಬ್ಬಿಸುವುದನ್ನು ಇವತ್ತೇ ನಿಲ್ಲಿಸಿ. ಒಳ್ಳೆಯ ಮಾಸ್ಕ್, ಕನ್ನಡಕ ಬೇಕೇ ಬೇಕು.

ಉತ್ತರ: ಹುಬ್ಬಳ್ಳಿಯಿಂದ

ಮೇಲಿನವರ ಮಾತು ಸರಿ. ಬ್ಲಾಸ್ಟಿಂಗ್ ವಿಚಾರ ನಾನು ಹೇಳುತ್ತೇನೆ. ಮೆತ್ತಗಿನ ಲೇಪಕ್ಕೆ ಬಿದ್ದ ಮರಳು ಪುಟಿಯುತ್ತದೆ, ಲೇಪ ಜಪ್ಪಯ್ಯ ಅನ್ನುವುದಿಲ್ಲ. ಒತ್ತಡ ಹೆಚ್ಚಿಸಿದರೆ ತೆಳು ತಗಡು ಸೊಟ್ಟಗಾಗುವ ಅಪಾಯ. ಕೈಯಿಂದ ಕೆರೆದ ಮೇಲೆ, ತುಕ್ಕಿನ ಗುಳಿಗಳಿರುವ ದಪ್ಪ ಭಾಗಗಳಿಗಷ್ಟೇ ಮಾಡಿಸಿ. ಕಾರಿನೊಳಗೆ ನೆಲಕ್ಕೆ ಅಂಟಿಸಿದ ಶಬ್ದ ತಡೆಯುವ ಹಾಳೆಗಳಿದ್ದರೆ ಅಲ್ಲಿ ಬಿಸಿಗಿಂತ ಚಳಿ ಮೇಲು: ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಹರಡಿ, ಗಡುಸಾದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಚೂರಾಗಿ ಏಳುತ್ತವೆ. ಕಿಟಕಿ ಬಾಗಿಲು ತೆರೆದಿಡಿ. ಬರಿಗೈಯಲ್ಲಿ ಮುಟ್ಟಬೇಡಿ, ಅದು ಮೈನಸ್ 78 ಡಿಗ್ರಿಯಲ್ಲಿರುತ್ತದೆ.

ಹಪ್ಪಳದಂತೆ ಉಬ್ಬಿದೆ ಎಂದಿರಲ್ಲ, ನನಗೆ ಚಿಂತೆ ಅಲ್ಲಿಯದೇ. ಬಿರುಕಿನಲ್ಲಿ ಇಳಿದ ಉಪ್ಪುನೀರು ಹೊರಬರಲಾಗದೆ ಒಳಗೇ ತಗಡು ತಿನ್ನುತ್ತದೆ. ಮೊದಲು ಅದನ್ನೇ ಬಿಡಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ಣೆನ್ನುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬಾ ಧನ್ಯವಾದಗಳು. ಹೊಳಪು ನೋಡಿ ಬ್ಲೇಡ್ ಹಾಕುವ ಉಪಾಯ ಫಲ ಕೊಟ್ಟಿತು, ಚಾಲಕನ ಬದಿಯ ನೆಲ ಪೂರ್ತಿ ಶುದ್ಧವಾಗಿದೆ. ಆದರೆ ಎಡಗಡೆಯ ಸಿಲ್ (ಬಾಗಿಲುಗಳ ಕೆಳಗಿನ ಟೊಳ್ಳು ತೊಲೆ) ಕಮಾನಿಗೆ ಸೇರುವಲ್ಲಿ ತಟ್ಟಿದಾಗ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಕತ್ತರಿಸಿ ಹೊಸ ತಗಡು ಕೂರಿಸಬೇಕೇ?

ಉತ್ತರ: ಹುಬ್ಬಳ್ಳಿಯಿಂದ

ಹೌದು ಸರ್, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಲೇಬೇಕು. ಪದ್ಮಿನಿಗೆ ಬೇರೆ ಷಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಭಾರ ಹೊರುವುದೇ ಸಿಲ್ ಮತ್ತು ನೆಲ. ಆದ್ದರಿಂದ ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಅಡ್ಡ ಪಟ್ಟಿ ಬೆಸೆಯಿಸಿ. ಇಲ್ಲವಾದರೆ ಬಾಡಿ ಕುಸಿದು ಆಮೇಲೆ ಬಾಗಿಲು ಕೂರುವುದಿಲ್ಲ.

ನಿಮ್ಮ ಕರಾವಳಿಯ ಗಾಳಿಯಲ್ಲಿ ಬರಿ ತಗಡನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ. ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಕೀಲುಗಳಿಗೆ ಸೀಲರ್, ಅದರ ಮೇಲೆ ತೆಳುವಾಗಿ ಹೊಸ ಲೇಪ, ಸಿಲ್ ಒಳಗೆ ಮೇಣದ ಸ್ಪ್ರೇ. ಸಿಲ್ ಅಡಿಯಲ್ಲಿ ನೀರು ಬಸಿಯುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಿಬಿಡಬೇಡಿ. ಲೇಪ ಹೊಡೆಯುವಾಗ ಅವುಗಳಿಗೆ ಬೆಂಕಿಕಡ್ಡಿ ತುರುಕಿಟ್ಟು ಆಮೇಲೆ ಎಳೆದುಬಿಡಿ.