ಸಹಾಯ ಬೇಕು: ಮೆಡಿಕಲ್ ಸೀಟಿಗೆ ಯಾವ ಕಾಲೇಜು ಮೊದಲು ಹಾಕಲಿ?

ಎಲ್ಲರಿಗೂ ನಮಸ್ಕಾರ. ತಂಗಿ ಈ ಸಲ ನೀಟ್ ಬರೆದಿದ್ದಾಳೆ. ನಮ್ಮದು ಕೊಪ್ಪಳ ಜಿಲ್ಲೆ, 371(ಜೆ) ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕ ಭಾಗದವರ ಮೀಸಲಾತಿಗೆ) ಇದೆ. ಕೆಇಎ (ರಾಜ್ಯದ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸೋಕೆ, ಪಟ್ಟಿ ಮಾಡುತ್ತಿದ್ದೇವೆ. ಅವಳು ಪೆನ್ಸಿಲ್‌ನಲ್ಲಿ ಮೈಸೂರು ಮೊದಲು ಬರೆಯುತ್ತಾಳೆ, ಅಮ್ಮ ಅಳಿಸಿ ಕೊಪ್ಪಳ ಬರೆಸುತ್ತಾರೆ. ನಮ್ಮ ಭಾಗದ ಕಾಲೇಜುಗಳಲ್ಲಿ ನಮಗೆ ಶೇ. 70 ಮೀಸಲು, ಉಳಿದ ಕಡೆ ಶೇ. 8 ಮಾತ್ರ. ಹತ್ತಿರ ಇದ್ದರೆ ಖರ್ಚೂ ಕಡಿಮೆ. ಆದರೆ ಮೈಸೂರಿನದು 1924ರ ಕಾಲೇಜು, ಆಸ್ಪತ್ರೆಯಲ್ಲಿ ರೋಗಿಗಳು ಜಾಸ್ತಿ, ಕಲಿಯೋದೂ ಜಾಸ್ತಿ ಅಲ್ವಾ? ನನಗಂತೂ ಅವಳ ಆಸೆಯೇ ಮೊದಲಿರಲಿ ಅನಿಸುತ್ತದೆ.

ಅಖಿಲ ಭಾರತ ಕೋಟಾದ ಶೇ. 15 ಸೀಟಿಗೆ ಎಂಸಿಸಿಯಲ್ಲೂ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ) ಈಗಲೇ ಅರ್ಜಿ ಹಾಕಬೇಕಾ? ಸೀಟು ಸಿಗದಿದ್ದರೆ ಡೆಂಟಲ್ ಸೇರಿಸೋದಾ, ಇನ್ನೊಂದು ವರ್ಷ ಓದಿಸೋದಾ? ಈ ಕಾಲೇಜುಗಳಲ್ಲಿ ಓದಿದವರು ದಯವಿಟ್ಟು ತಿಳಿಸಿ.