ದಿನಕ್ಕೆ 160 ಗ್ರಾಂ ಪ್ರೋಟೀನ್, ಮೂರು ತಿಂಗಳಾಯ್ತು, ತೂಕ ಇದ್ದಲ್ಲೇ ಉಂಟು

ದಕ್ಕೆ_ಹುಡುಗ:
ತಲೆ ಕೆಟ್ಟುಹೋಗಿದೆ ಮಾರಾಯ್ರೆ. ಫೆಬ್ರವರಿಯಲ್ಲಿ 62 ಕಿಲೊ, ಇವತ್ತೂ 62. ವಾರಕ್ಕೆ ನಾಲ್ಕು ದಿನ ಜಿಮ್, ಒಂದು ದಿನ ತಪ್ಪಿಸಿಲ್ಲ. ಬೆಂಚ್ ಪ್ರೆಸ್ 55 ಕಿಲೊದಲ್ಲೇ ಕೂತಿದೆ. ದಿನಕ್ಕೆ ನಾಲ್ಕು ಮೊಟ್ಟೆ, ಎರಡು ಸ್ಕೂಪ್ ವೇ (ಹಾಲಿನ ಪ್ರೋಟೀನ್ ಪುಡಿ), ಅರ್ಧ ಕಿಲೊ ಬಂಗುಡೆ. ಲೆಕ್ಕ ಹಾಕಿದರೆ 160 ಗ್ರಾಂ ದಾಟುತ್ತದೆ. ಜಿಮ್ಮಿನವರು ಮೂರನೇ ಸ್ಕೂಪ್ ಹಾಕು ಅಂತಾರೆ. 200 ಮಾಡಿದರೆ ಆಗ್ತದಾ?

ಸುರತ್ಕಲ್_ಸ್ಕ್ವಾಟ್:
ವೇ ಎಲ್ಲಿ ತಗೊಂಡದ್ದು? ಡಬ್ಬದ ಫೋಟೊ ಹಾಕು. ನನಗೆ ಡುಪ್ಲಿಕೇಟ್ ಅಂತಲೇ ಅನುಮಾನ.

ದಕ್ಕೆ_ಹುಡುಗ:
ಸೀಲ್ ಸರಿ ಇತ್ತು ಅಣ್ಣ. ಕೋಡ್ ಕೆರೆದು ಚೆಕ್ ಮಾಡಿದ್ದೇನೆ.

ಸುರತ್ಕಲ್_ಸ್ಕ್ವಾಟ್:
ಕೋಡನ್ನೂ ಡುಪ್ಲಿಕೇಟ್ ಮಾಡುತ್ತಾರೆ. ಕುದಿಯುವ ನೀರಿಗೆ ಹಾಕಿ ನೋಡು. ಗಂಟು ಕಟ್ಟಬೇಕು.

ದಕ್ಕೆ_ಹುಡುಗ:
ಹಾಕಿದೆ, ಗಂಟು ಕಟ್ಟಿತು. ಲೋಟಕ್ಕೆ ಅಂಟಿಕೊಂಡದ್ದು ತೆಂಗಿನ ನಾರು ಹಾಕಿ ಉಜ್ಜಿದರೂ ಹೋಗಲಿಲ್ಲ. ಅಮ್ಮನ ಕೈಯಿಂದ ಬೈಗುಳವೂ ಆಯ್ತು.

ಸುರತ್ಕಲ್_ಸ್ಕ್ವಾಟ್:
ನೀರು ನಿಜವಾಗಿ ಕುದಿಯುತ್ತಿತ್ತಾ?

ಕಟಪಾಡಿ_ಕಬ್ಬಿಣ:
ಡಬ್ಬ ಬಿಡಿ ಮಾರಾಯ್ರೆ. ಬಂಗುಡೆ ಅರ್ಧ ಕಿಲೊ ಅಂದದ್ದು ಮಾರ್ಕೆಟಿನ ತೂಕವಾ, ಕ್ಲೀನ್ ಮಾಡಿದ ಮೇಲಾ?

ದಕ್ಕೆ_ಹುಡುಗ:
ಮಾರ್ಕೆಟಿನ ತೂಕ. ಎಲ್ಲರೂ ಹಾಗೇ ಹೇಳುವುದಲ್ವಾ?

ಕಟಪಾಡಿ_ಕಬ್ಬಿಣ:
ಅಲ್ಲೇ ಎಡವಿದ್ದು. ತಲೆ, ಕರುಳು, ಮುಳ್ಳು ಹೋದರೆ ಬಾಯಿಗೆ ಸಿಗುವುದು ಹೆಚ್ಚೆಂದರೆ 300 ಗ್ರಾಂ. 100 ಗ್ರಾಂ ಹಸಿ ಮೀನಿಗೆ ಪ್ರೋಟೀನ್ ಸುಮಾರು 19. ಅರ್ಧ ಕಿಲೊಗೆ ನೀನು ಹಾಕಿದ 95 ಅಲ್ಲಿಗೆ 57 ಆಯ್ತು.

ಬಂದರು_ಬೈಸೆಪ್:
ತಲೆ ಯಾಕೆ ಬಿಸಾಡುವುದು? ಪುಳಿಮುಂಚಿಯಲ್ಲಿ ತಲೆಯದ್ದೇ ರುಚಿ. ತಲೆ ಬಿಸಾಡುವವರಿಗೆ ಮೀನು ಕೊಡಬಾರದು.

ಕಟಪಾಡಿ_ಕಬ್ಬಿಣ:
ಚೀಪಬಹುದು, ನಾನೂ ಚೀಪುತ್ತೇನೆ. ಅದರಲ್ಲಿ ಮಾಂಸ ಎಷ್ಟುಂಟು, ಅದು ಹೇಳಿ.

ಬಂದರು_ಬೈಸೆಪ್:
ಕಟಪಾಡಿಯ ಬಂಗುಡೆಯಲ್ಲಿ ಇಲ್ಲದಿರಬಹುದು.

(ಇದೇ ವಿಷಯಕ್ಕೆ ಇನ್ನೂ ಹನ್ನೊಂದು ಉತ್ತರಗಳಿವೆ)

ಪುತ್ತಿಗೆ_ಭಟ್ರು:
ತಲೆಯ ಜಗಳ ಸ್ವಲ್ಪ ನಿಲ್ಲಿಸಿ. ನಾನು ಮೀನು ತಿನ್ನುವವನಲ್ಲ, ಆದರೆ ಕೂಡಿಸಲು ಬರುತ್ತದೆ. ಮೊಟ್ಟೆಗೆ 6ರಂತೆ 24, ವೇ 48, ಬಂಗುಡೆ 57. ಒಟ್ಟು 129. 62 ಕಿಲೊದವನಿಗೆ ಅದು ಕಿಲೊಗೆ 2 ಗ್ರಾಂ ಮೇಲೆಯೇ ಆಯ್ತು. 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ್ದರು. ಕಿಲೊಗೆ 1.6 ಗ್ರಾಂ ಆದ ಮೇಲೆ ಪ್ರೋಟೀನ್ ಏರಿಸಿದರೂ ಸ್ನಾಯುವಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ತೀರಾ ಧಾರಾಳ ಅಂದರೆ 2.2. ನಿಮಗೆ 100 ಗ್ರಾಂ ಸಾಕು. ಜಿಮ್ಮಿಗೆ ಹೋಗದ ಸಾಮಾನ್ಯ ಜನರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ಕಿಲೊಗೆ 0.83 ಅಷ್ಟೆ. ಮೂರನೇ ಸ್ಕೂಪಿನ ದುಡ್ಡು ಕಿಸೆಯಲ್ಲೇ ಇರಲಿ. ನೀವು ಬರೆದದ್ದರಲ್ಲಿ ಅನ್ನವೇ ಇಲ್ಲ. ಎಷ್ಟು ಉಣ್ಣುತ್ತೀರಿ?

ದಕ್ಕೆ_ಹುಡುಗ:
ಅನ್ನ ಬಿಟ್ಟು ಮೂರು ತಿಂಗಳಾಯ್ತು ಭಟ್ರೇ. ಹೊಟ್ಟೆ ಬರ್ತದೆ ಅಂತ. ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಒಂದು.

ಕಟಪಾಡಿ_ಕಬ್ಬಿಣ:
ಇದನ್ನು ಈಗ ಹೇಳುವುದಾ! ಕೆಲಸ ಎಂಥ ನಿನ್ನದು?

ದಕ್ಕೆ_ಹುಡುಗ:
ಹೆಸರಲ್ಲೇ ಉಂಟಲ್ಲ ಅಣ್ಣ. ಬೆಳಗ್ಗೆ 4 ಗಂಟೆಗೆ ದಕ್ಕೆ. ಬೋಟಿನಿಂದ ಬುಟ್ಟಿ ಇಳಿಸುವುದು, ಐಸ್ ಹಾಕುವುದು, ಲಾರಿಗೆ ತುಂಬಿಸುವುದು. 10 ಗಂಟೆಗೆ ಮುಗಿಯುತ್ತದೆ. ಅದೇನು ವರ್ಕೌಟ್ ಅಲ್ವಲ್ಲ.

ಪುತ್ತಿಗೆ_ಭಟ್ರು:
ಆರು ಗಂಟೆ ಬುಟ್ಟಿ ಹೊತ್ತು, ಮೂರು ಚಪಾತಿ ತಿಂದು, ಸಂಜೆ ಸ್ಕ್ವಾಟ್! ತೂಕ ಇಳಿಯದೆ 62ರಲ್ಲಿ ನಿಂತದ್ದೇ ಪುಣ್ಯ. ಊಟ ಸಾಲದಿದ್ದರೆ ದೇಹ ಪ್ರೋಟೀನನ್ನೇ ಒಲೆಗೆ ಹಾಕುತ್ತದೆ. ನಿಮ್ಮ ಬಂಗುಡೆ ಸೌದೆಯಾಗಿ ಉರಿದುಹೋಗ್ತಾ ಉಂಟು. ಪ್ರೋಟೀನ್ ಮುಟ್ಟಬೇಡಿ. ಕುಚ್ಚಲಕ್ಕಿ ಅನ್ನ ಮಧ್ಯಾಹ್ನ ರಾತ್ರಿ ವಾಪಸ್ ತನ್ನಿ. ದಕ್ಕೆಗೆ ಹೋಗುವ ಮೊದಲು ಒಂದು ಬಟ್ಟಲು ಗಂಜಿ. ಈಗಿನದ್ದಕ್ಕಿಂತ ದಿನಕ್ಕೆ 400 ಕ್ಯಾಲೊರಿಯಷ್ಟು ಜಾಸ್ತಿ ಮಾಡಿ ನೋಡಿ. ವಾರಕ್ಕೊಮ್ಮೆ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ತೂಕ ನೋಡಿ. ಏರದಿದ್ದರೆ ಇನ್ನೊಂದು ಸೌಟು.

ಸುರತ್ಕಲ್_ಸ್ಕ್ವಾಟ್:
ಅದೆಲ್ಲ ಸರಿ. ಆದರೂ ಡಬ್ಬ ಒಮ್ಮೆ ಲ್ಯಾಬ್ ಟೆಸ್ಟ್ ಮಾಡಿಸುವುದು ಒಳ್ಳೆಯದು.

ದಕ್ಕೆ_ಹುಡುಗ (ಮೂರು ವಾರದ ನಂತರ):
63.1! ಬೆಂಚ್ 57.5 ಐದು ರೆಪ್ ಬಂತು. ಮೂರೂವರೆಗೆ ಎದ್ದು ಗಂಜಿ, ಉಪ್ಪಿನಕಾಯಿ. ಅಮ್ಮನಿಗೆ ಖುಷಿಯೋ ಖುಷಿ. ಈಗ ಇನ್ನೊಂದು ತಲೆಬಿಸಿ. ಮಳೆಗಾಲದ ಮೀನುಗಾರಿಕೆ ನಿಷೇಧ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ಕಡಲಿಗೆ ಇಳಿಯುವುದಿಲ್ಲ. ಬಂಗುಡೆಯ ರೇಟು ಕೇಳುವ ಹಾಗಿಲ್ಲ, ನನಗೆ ಕೆಲಸವೂ ಇಲ್ಲ. ಬಂಗುಡೆ ಬದಲು ಸೋಯಾ ತಿಂದರೆ ಎಷ್ಟು ಬೇಕು?

ಪುತ್ತಿಗೆ_ಭಟ್ರು:
ಒಳ್ಳೆಯದಾಯ್ತು. ಏರಿದ್ದರಲ್ಲಿ ಸ್ವಲ್ಪ ನೀರೂ ಇರುತ್ತದೆ, ಅವಸರ ಬೇಡ. ಕೆಲಸ ನಿಂತರೆ ಉರಿಯುವುದೂ ಕಡಿಮೆ, ಆಗ ಅನ್ನ ಸ್ವಲ್ಪ ನೋಡಿಕೊಳ್ಳಿ. ಮಳೆಗಾಲಕ್ಕೆ ಹುರುಳಿ ಉಂಟಲ್ಲ, 100 ಗ್ರಾಂ ಕಾಳಿಗೆ 22 ಗ್ರಾಂ ಪ್ರೋಟೀನ್.

ಬಂದರು_ಬೈಸೆಪ್:
ಹುರುಳಿ ತಿನ್ನಲು ಇವನೇನು ಕಂಬಳದ ಕೋಣವಾ?

ಕಾರ್ಕಳ_ಕಂಬಳ:
ಕೋಣದ ವಿಷಯ ತಮಾಷೆ ಮಾಡಬೇಡಿ. ನಮ್ಮ ಜೋಡಿಗೆ ಹುರುಳಿ ಬೇಯಿಸಿಯೇ ಕೊಡುವುದು. ತೊಡೆ ನೋಡಿದ್ದೀರಾ? ನಿಮ್ಮ ಜಿಮ್ಮಿನಲ್ಲಿ ಒಬ್ಬನಿಗೂ ಇಲ್ಲ.

ಕಟಪಾಡಿ_ಕಬ್ಬಿಣ:
ನಾನು ಮನೆಯ ಹಿಂದೆ ಶೆಡ್ಡಿನಲ್ಲಿ ರ‍್ಯಾಕ್ ಹಾಕಿಸಿದ್ದೇನೆ, 140 ಕಿಲೊ ಪ್ಲೇಟ್ ಉಂಟು. ಒಂದೇ ತೊಂದರೆ, ಕಡಲ ಗಾಳಿಗೆ ರಾಡ್ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಯಾರು ಎಂಥ ಎಣ್ಣೆ ಹಚ್ಚುತ್ತೀರಿ?

ಸುರತ್ಕಲ್_ಸ್ಕ್ವಾಟ್:
ತೆಂಗಿನೆಣ್ಣೆ ಬೇಡ, ಅಂಟುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ. ಒರಿಜಿನಲ್ ನೋಡಿ ತಗೊಳ್ಳಿ, ಅದರಲ್ಲೂ ಡುಪ್ಲಿಕೇಟ್ ಉಂಟು.

ದಕ್ಕೆ_ಹುಡುಗ:
ಸೋಯಾ ಕೇಳಿದ್ದು ನಾನು. ಯಾರಾದ್ರೂ ಹೇಳ್ತೀರಾ?